ಕುಷ್ಟಗಿ ಸೀಮೆಗೆ ಗಾಜಿನ ಬಾಟಲಿ ಮರಳಬೇಕೇ?

ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದ ಅಂಗಡಿಗಳಲ್ಲಿ ಮಾರುವ ಸೋಡಾ, ಉಪ್ಪಿನಕಾಯಿ, ಹಿಂಡಿ, ತುಪ್ಪ, ಜಾಮುಗಳು ಪ್ಲಾಸ್ಟಿಕ್ ಬಿಟ್ಟು ಮತ್ತೆ ಗಾಜಿಗೆ ಮರಳಬೇಕೇ, ಬೇಡವೇ? ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ತಯಾರಕರೇ ತುಂಬಿ ಬಾಯಿ ಮುಚ್ಚಿ ಕಳಿಸುವ ಪೊಟ್ಟಣ, ಬಾಟಲಿಗಳನ್ನು ಇವೆರಡೂ ಕೈಬಿಟ್ಟವು. ಆಹಾರ ತುಂಬುವ ವಸ್ತು ಯಾವುದಿರಬೇಕು ಎಂಬ ವಿಚಾರ ಹಾಗಾಗಿ ಬಗೆಹರಿಯದೆ ಉಳಿದಿದೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಜು ಬರಬೇಕು. ಆದರೆ ಎಲ್ಲದಕ್ಕೂ ಅಲ್ಲ, ಮತ್ತು ಖಾಲಿ ಬಾಟಲಿ ಹೊರಟಲ್ಲಿಗೇ ಹಿಂದಿರುಗುವ ಏರ್ಪಾಡು ಇಲ್ಲದೆ ಬರಲೇಬಾರದು.

ಪರ

ಗಾಜೆಂದರೆ ಮರಳು, ಸೋಡಾ ಬೂದಿ, ಸುಣ್ಣದ ಕಲ್ಲು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಒಂದಾದದ್ದು. ಅಷ್ಟು ಬೆಂಕಿ ಕಂಡುಬಂದ ವಸ್ತು ಉಪ್ಪಿಗೂ ಹುಳಿಗೂ ಎಣ್ಣೆಗೂ ಜಗ್ಗುವುದಿಲ್ಲ. ಗಾಳಿ ಅದರೊಳಗಿಂದ ನುಸುಳುವುದಿಲ್ಲ. ನಮ್ಮ ಭಾಗದ ಅಡುಗೆಗೆ ಇದು ಬಹಳ ಮುಖ್ಯ, ಏಕೆಂದರೆ ಇಲ್ಲಿ ಕಾಪಿಟ್ಟು ತಿನ್ನುವ ಪದಾರ್ಥಗಳೆಲ್ಲ ಇವೇ ಮೂರರಿಂದ ತುಂಬಿವೆ. ನಿಂಬೆಹುಳಿ ಹಿಂಡಿದ ರಂಜಕ, ಮಾವಿನಕಾಯಿ ಉಪ್ಪಿನಕಾಯಿ, ಎಣ್ಣೆ ಬಿಡುವ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ತೆಳು ಪ್ಲಾಸ್ಟಿಕ್ ಪೊಟ್ಟಣದ ಮೂಲಕ ಆಮ್ಲಜನಕ ನಿಧಾನವಾಗಿ ಒಳಗಿಳಿಯುತ್ತದೆ. ಎಣ್ಣೆಕಾಳಿನ ಹಿಂಡಿ ಕಮಟು ವಾಸನೆ ಹಿಡಿಯಲು ಅದೇ ಕಾರಣ. ಪ್ಲಾಸ್ಟಿಕ್ ಮೆತ್ತಗಾಗಲೆಂದು, ಬಾಳಿಕೆ ಬರಲೆಂದು ಬೆರೆಸುವ ರಾಸಾಯನಿಕಗಳಲ್ಲಿ ಹಲವು ಎಣ್ಣೆಯಲ್ಲಿ ಕರಗುತ್ತವೆ. ಸೆಕೆ ಹೆಚ್ಚಿದಷ್ಟೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ತಗಡಿನ ಚಾವಣಿಯ ಅಂಗಡಿಯಲ್ಲಿ ಉಪ್ಪಿನಕಾಯಿ ಪೊಟ್ಟಣ ವಾರಗಟ್ಟಲೆ ನೇತಾಡುವಾಗ ಏನಾಗುತ್ತದೆಂಬುದನ್ನು ಯೋಚಿಸಬೇಕು. ಹಿಂದಿನವರು ಉಪ್ಪಿನಕಾಯಿಗೆ ಬಳಸುತ್ತಿದ್ದ ಚೀನಿ ಮಣ್ಣಿನ ಭರಣಿಯ ಹೊಳಪಿನ ಲೇಪವೂ ಒಂದು ಬಗೆಯ ಗಾಜೇ. ಭರಣಿಯೊಳಗೆ ಖಾರ ವರ್ಷ ತಡೆಯುತ್ತಿದ್ದುದರಲ್ಲಿ ಆ ಲೇಪದ ಪಾಲೂ ಇದೆ.

ಪೇರಲದ ವಿಷಯದಲ್ಲಿ ಗಾಜಿನ ಲಾಭ ಇನ್ನೂ ಸ್ಪಷ್ಟ. ಕಿರು ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಬಂದ ಪ್ರಧಾನಮಂತ್ರಿ ಯೋಜನೆಯಡಿ, ಜಿಲ್ಲೆಗೊಂದು ಉತ್ಪನ್ನ ಎಂಬ ಪಟ್ಟಿಯಲ್ಲಿ ಕೊಪ್ಪಳಕ್ಕೆ ದಕ್ಕಿದ್ದು ಪೇರಲ. ಘಟಕ ಹಾಕುವವರಿಗೆ ವೆಚ್ಚದ ಶೇ 35ರಷ್ಟು ಸಹಾಯಧನವನ್ನು ಕೇಂದ್ರದ ಯೋಜನೆಯೇ ಕೊಡುತ್ತದೆ. ಪೇರಲದ ಜಾಮನ್ನು ಕೆಡದಂತೆ ಇಡುವ ಅಗ್ಗದ ದಾರಿ ಒಂದಿದೆ: ಒಲೆಯಿಂದ ಇಳಿಸಿದ ಕೂಡಲೇ, ಇನ್ನೂ 85 ಡಿಗ್ರಿಗಿಂತ ಬಿಸಿಯಿರುವಾಗಲೇ, ಬಿಸಿ ಮಾಡಿದ ಗಾಜಿನ ಬಾಟಲಿಗೆ ಸುರಿದು ಮುಚ್ಚಳ ಬಿಗಿಯುವುದು. ತಣಿದಾಗ ಒಳಗೆ ನಿರ್ವಾತ ಏರ್ಪಟ್ಟು ಮುಚ್ಚಳ ತಾನೇ ಕಚ್ಚಿಕೊಳ್ಳುತ್ತದೆ. ಶೀತಲಗೃಹ ಬೇಡ, ದೊಡ್ಡ ಯಂತ್ರ ಬೇಡ. ಸಾಮಾನ್ಯ ಪೆಟ್ ಬಾಟಲಿ ಆ ಬಿಸಿಗೆ ಸೊಟ್ಟಗಾಗುತ್ತದೆ. ಹತ್ತು ಹೆಂಗಸರ ಒಂದು ಸಂಘ ಕಡಿಮೆ ಬಂಡವಾಳದಲ್ಲಿ ಸುರಕ್ಷಿತ ಆಹಾರ ತಯಾರಿಸಿ ಮಾರಬೇಕಾದರೆ ಗಾಜಿಗಿಂತ ಒಳ್ಳೆಯ ಜೊತೆ ಸಿಗದು.

ಗಾಜಿನ ಬಹುದೊಡ್ಡ ಗುಣವನ್ನು ನಮಗೆ ತೋರಿಸಿಕೊಟ್ಟದ್ದು ಗೋಲಿ ಸೋಡಾ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ ಅನಿಲದ ಒತ್ತಡವೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಅದು ಹುಟ್ಟಿದ ದೇಶದಲ್ಲಿ ಬಳಕೆ ತಪ್ಪಿ ಎಷ್ಟೋ ಕಾಲವಾದರೂ ನಮ್ಮ ಸಂತೆ, ಬಸ್ ನಿಲ್ದಾಣ, ಜಾತ್ರೆಗಳಲ್ಲಿ ಉಳಿದುಕೊಂಡಿತು. ಇದಕ್ಕೆ ಕಾರಣ ರುಚಿಯೊಂದೇ ಅಲ್ಲ. ಗಿರಾಕಿ ಬಾಟಲಿಯನ್ನು ಒಯ್ಯುವಂತಿಲ್ಲ. ಬಂಡಿಯ ಮುಂದೆಯೇ ನಿಂತು ಕುಡಿದು ಮರಳಿಸಬೇಕು. ಬಾಟಲಿಯ ಒಡೆತನ ಸೋಡಾ ಮಾಡುವವನದು. ಒಂದೇ ಬಾಟಲಿ ವರ್ಷಗಟ್ಟಲೆ ದುಡಿಯುವುದರಿಂದ ಅದರ ಬೆಲೆ ಸಾವಿರಾರು ಗುಟುಕಿಗೆ ಹಂಚಿಹೋಗುತ್ತದೆ. ಜರ್ಮನಿ ಇದೇ ತತ್ವವನ್ನು ದೇಶದ ಮಟ್ಟಕ್ಕೆ ಒಯ್ದಿತು. ಅಲ್ಲಿನ ಖನಿಜ ನೀರಿನ ತಯಾರಕರು 1969ರಿಂದ ಒಂದೇ ಅಚ್ಚಿನ 0.7 ಲೀಟರ್ ಬಾಟಲಿಯನ್ನು ಹಂಚಿಕೊಂಡು ಬಳಸುತ್ತಿದ್ದಾರೆ. ಯಾರ ಬಾಟಲಿಯನ್ನು ಯಾರು ಬೇಕಾದರೂ ತುಂಬಬಹುದು, ಒಂದೊಂದು 50 ಸಲದವರೆಗೂ ತುಂಬಿಸಿಕೊಳ್ಳುತ್ತದೆ. ನಮ್ಮಲ್ಲಿ 2025ರಲ್ಲಿ ಗೋಲಿ ಸೋಡಾವನ್ನು ಗಲ್ಫ್ ದೇಶಗಳಿಗೆ ರಫ್ತು ಮಾಡುವ ಸುದ್ದಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳಲಾಯಿತು. ವ್ಯಾಪಾರಕ್ಕೆ ಅದು ಒಳ್ಳೆಯದೇ. ಆದರೆ ಸಮುದ್ರ ದಾಟಿದ ಬಾಟಲಿ ತೊಳೆಸಿಕೊಳ್ಳಲು ತಿರುಗಿ ಬಾರದು. ಗೋಲಿ ಸೋಡಾದ ಮಿತವ್ಯಯ ಅಲ್ಲಿಗೇ ಮುಗಿಯಿತು.

ವಿರೋಧ

ಗಾಜನ್ನು ವಿರೋಧಿಸುವವರ ಮೊದಲ ಮಾತು ತೂಕದ್ದು, ಮತ್ತು ಅದು ನಿಜ. ಅರ್ಧ ಲೀಟರ್ ಹಾಲಿನ ಪೊಟ್ಟಣ ಕೆಲವೇ ಗ್ರಾಂ. ಅಷ್ಟೇ ಹಾಲಿನ ಗಾಜಿನ ಬಾಟಲಿ ನೂರಾರು ಗ್ರಾಂ. ಮುಂಬಯಿಯ ಆರೇ, ದೆಹಲಿ ಹಾಲು ಯೋಜನೆಗಳು ಒಂದು ಕಾಲಕ್ಕೆ ಗಾಜಿನಲ್ಲೇ ಹಾಲು ಮಾರುತ್ತಿದ್ದವು, ಆಮೇಲೆ ಕೈಬಿಟ್ಟವು. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಹಾಲು ಒಕ್ಕೂಟ ರಾಯಚೂರಿನಿಂದ ವಿಜಯನಗರದವರೆಗೆ ನಾಲ್ಕು ಜಿಲ್ಲೆಗಳಿಗೆ ನಸುಕಿನಲ್ಲಿ ಹಾಲು ಮುಟ್ಟಿಸಬೇಕು. ಆ ಲಾರಿಗಳು ಹಾಲಿನ ಬದಲು ಗಾಜು ಹೊರುವಂತಾಗಬಾರದು. ಹೊಸ ಬಾಟಲಿಗಳನ್ನು ಗಾಜಿನ ಕುಲುಮೆಗಳಿರುವ ತೆಲಂಗಾಣದ ಹೈದರಾಬಾದ್, ಭುವನಗಿರಿ ಕಡೆಯಿಂದ ನೂರಾರು ಕಿಲೋಮೀಟರ್ ತರಬೇಕು. ಒಂದೇ ಸಲ ಬಳಸಿ ಎಸೆಯುವ ಗಾಜಿನ ಬಾಟಲಿ ಪರಿಸರಕ್ಕೆ ಪೆಟ್ ಬಾಟಲಿಗಿಂತ ಹೆಚ್ಚು ಹೊರೆ ಎಂದು ಜೀವನಚಕ್ರ ಅಧ್ಯಯನಗಳು ಸಾಮಾನ್ಯವಾಗಿ ಹೇಳುತ್ತವೆ. ಒಡೆದ ಗಾಜನ್ನು ಕುಲುಮೆಗೆ ಹಾಕಿದರೂ ಉಳಿತಾಯ ದೊಡ್ಡದಲ್ಲ. ಕಚ್ಚಾ ಮಾಲಿನಲ್ಲಿ ಶೇ 10ರಷ್ಟು ಒಡಕು ಬೆರೆಸಿದರೆ ಇಂಧನ ಉಳಿಯುವುದು ಶೇ 3ರೊಳಗೆ. ಗಾಜು ಎಷ್ಟು ಸಲ ಬೇಕಾದರೂ ಮರುಬಳಕೆಯಾಗುತ್ತದೆ ಎಂದು ಹೊಗಳುವವರು ಕರಗಿಸುವುದಕ್ಕೂ ತೊಳೆದು ತುಂಬುವುದಕ್ಕೂ ಇರುವ ಈ ಅಂತರವನ್ನು ಮರೆಯುತ್ತಾರೆ. ಆದ್ದರಿಂದ ಹಾಲು ಪೊಟ್ಟಣದಲ್ಲೇ ಇರಲಿ. ದೂರದ ಕಂಪನಿಯ ಸಾಸ್ ಯಾವುದರಲ್ಲಿ ಬಂದರೂ ನನಗೆ ತಕರಾರಿಲ್ಲ. ತಾಲ್ಲೂಕಿನೊಳಗೇ ತಯಾರಾಗಿ ತಾಲ್ಲೂಕಿನೊಳಗೇ ಖರ್ಚಾಗುವ ಪದಾರ್ಥಕ್ಕೆ ಮಾತ್ರ ತೂಕದ ವಾದ ಅಷ್ಟಾಗಿ ತಟ್ಟುವುದಿಲ್ಲ. ತುಂಬಿದ ಬಾಟಲಿ ಇಳಿಸಿದ ಟಂಟಂ ಖಾಲಿ ಬಾಟಲಿ ಹೇರಿಕೊಂಡು ಬರಬಹುದು.

ಎರಡನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಂಭೀರವಾದದ್ದು: ಒಡೆದ ಗಾಜು. ರಸ್ತೆ ಬದಿಯ ಹೊಲಕ್ಕೆ ಕುಡಿದು ಎಸೆದ ಮದ್ಯದ ಬಾಟಲಿ ಬಿತ್ತುವವನ ಕಾಲನ್ನೂ ಎತ್ತಿನ ಗೊರಸನ್ನೂ ಸೀಳುತ್ತದೆ. ಪ್ಲಾಸ್ಟಿಕ್ ತಿಂದ ಆಕಳು ಸಾಯುವುದು ಹೇಗೆ ಸುಳ್ಳಲ್ಲವೋ ಇದೂ ಹಾಗೆಯೇ ಸುಳ್ಳಲ್ಲ. ಗಾಜು ಹೆಚ್ಚಿಸಿರಿ ಎನ್ನುವವರು ಈ ರೈತನಿಗೆ ಉತ್ತರ ಕೊಡಲೇಬೇಕು. ಆ ಉತ್ತರ ಸಿಗುವುದು ತಮಿಳುನಾಡಿನ ನೀಲಗಿರಿಯಲ್ಲಿ. ಎಸೆದ ಬಾಟಲಿಗಳು ಒಡೆದು ಕಾಡುಪ್ರಾಣಿಗಳ ಕಾಲಿಗೆ ಚುಚ್ಚುತ್ತಿದ್ದಾಗ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂತು. 2022ರಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಾದ ಟಾಸ್ಮಾಕ್‌ಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದಾಗ ಅದನ್ನು ಮರಳಿಸತೊಡಗಿದವು. ಮಾರಿದ ಬಾಟಲಿಗಳಲ್ಲಿ ಬಹುಪಾಲು ಹಿಂದಿರುಗಿದವು. ಯೋಜನೆ ಬೇರೆ ಜಿಲ್ಲೆಗಳಿಗೂ ಹರಡಿತು. ಹತ್ತು ರೂಪಾಯಿಯ ಬೆಲೆ ಕಟ್ಟಿದ ಮೇಲೆ ಕುಡಿದವನು ಎಸೆದರೂ ಇನ್ನೊಬ್ಬನು ಹೆಕ್ಕಿ ತರುತ್ತಾನೆ. ಕರ್ನಾಟಕಕ್ಕೂ ಇದು ಕಷ್ಟವಾಗಬಾರದು. 2003ರಿಂದ ರಾಜ್ಯದ ಮದ್ಯದ ಸಗಟು ವಿತರಣೆಯೆಲ್ಲ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. ಬಿಯರ್ ಬಾಟಲಿಗಳು ಗುಜರಿ ಅಂಗಡಿಯ ಮೂಲಕ ಕಾರ್ಖಾನೆಗೆ ಮರಳುವ ರೂಢಿಯೂ ಇದೆ. ಚಿಕ್ಕ ಬಾಟಲಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಹೊಲಕ್ಕೆ ಬೀಳಲು ಅದೂ ಒಂದು ಕಾರಣ.

ಮೂರನೆಯದು ನೀರು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯಲು ಶುದ್ಧ ನೀರಿನ ಘಟಕದ ಮುಂದೆ ಕೊಡ ಹಿಡಿದು ನಿಲ್ಲುವ ಊರುಗಳಿವೆ. ಬಾಟಲಿ ತೊಳೆಯಲು ಎಲ್ಲಿಂದ ತರುವುದು? ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ ತೆಗೆಯುವ ಯಂತ್ರ ಕೊನೆಯ ತೊಳೆತದ ನೀರನ್ನೇ ಮೊದಲ ತೊಳೆತಕ್ಕೆ ಬಳಸುತ್ತದೆ, ಕೈಯಿಂದ ತೊಳೆಯುವುದಕ್ಕಿಂತ ಬಹಳ ಕಡಿಮೆ ಸಾಕು. ಕೊನೆಯ ಜಾಲಿಸುವಿಕೆಗೆ ಮಾತ್ರ ಕುಡಿಯುವ ನೀರು ಬೇಕು. ಆದರೆ ಅಂಥ ಯಂತ್ರ ಒಬ್ಬ ಸೋಡಾದವನಿಗೆ ಎಟುಕದು. ಇಕ್ಕಟ್ಟು ಕತ್ತಿನ ಗೋಲಿ ಬಾಟಲಿಯನ್ನು ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತುಂಬಿದರೆ ಅದು ಆರೋಗ್ಯಕ್ಕೆ ಕೇಡೇ ಸರಿ. ಆದ್ದರಿಂದ ತಾಲ್ಲೂಕಿಗೊಂದು ಎಲ್ಲರೂ ಬಳಸಬಹುದಾದ ತೊಳೆಯುವ ಘಟಕವಿಲ್ಲದೆ ಗಾಜಿನ ಪರವಾಗಿ ನಾನು ಮಾತಾಡಲಾರೆ.

ಇತ್ತೀಚಿನ ಆಕ್ಷೇಪವೊಂದು ಫ್ರಾನ್ಸಿನಿಂದ ಬಂದಿದೆ. ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಆನ್ಸೆಸ್ 2025ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಗಾಜಿನ ಬಾಟಲಿಯ ತಂಪು ಪಾನೀಯ, ಬಿಯರ್‌ಗಳ ಲೀಟರಿಗೆ ಸರಾಸರಿ 100ರಷ್ಟು ಮೈಕ್ರೋಪ್ಲಾಸ್ಟಿಕ್ ಕಣ ಸಿಕ್ಕವು. ಪ್ಲಾಸ್ಟಿಕ್ ಬಾಟಲಿಗಿಂತ ಹಲವು ಪಟ್ಟು ಹೆಚ್ಚು. ಇದನ್ನು ಹಿಡಿದು ಗಾಜೇ ಕೆಟ್ಟದೆನ್ನುವವರು ಅದೇ ವರದಿಯ ಮುಂದಿನ ಭಾಗವನ್ನೂ ಓದಬೇಕು. ಕಣಗಳು ಬಂದದ್ದು ಲೋಹದ ಮುಚ್ಚಳದ ಹೊರಬಣ್ಣದಿಂದ. ಮುಚ್ಚಳಕ್ಕೆ ಗಾಳಿ ಊದಿ ತೊಳೆದ ಮೇಲೆ ಕಣಗಳು 287ರಿಂದ 87ಕ್ಕೆ ಇಳಿದವು. 2024ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಬಾಟಲಿಯ ನೀರಿನಲ್ಲಿ ಇನ್ನೂ ಸಣ್ಣ ನ್ಯಾನೋ ಕಣಗಳನ್ನೂ ಎಣಿಸಿ ಲೀಟರಿಗೆ ಸರಾಸರಿ 2.4 ಲಕ್ಷ ಕಂಡರು. ಎರಡೂ ಅಧ್ಯಯನಗಳ ಅಳತೆ ಬೇರೆ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ತೀರ್ಪು ಕೊಡುವುದು ಸರಿಯಲ್ಲ. ಮುಚ್ಚಳದ ದೋಷವನ್ನು ತೊಳೆದು ತಗ್ಗಿಸಬಹುದೆಂಬುದಂತೂ ಸ್ಪಷ್ಟವಾಗಿದೆ.

ಕೊನೆಯದು ಬಡವರ ಕಿಸೆ. ಹತ್ತು ರೂಪಾಯಿಯ ಹಿಂಡಿಯನ್ನು ಗಾಜಿಗೆ ತುಂಬಿದರೆ ಒಳಗಿರುವುದಕ್ಕಿಂತ ಬಾಟಲಿಗೇ ಬೆಲೆ ಹೆಚ್ಚಾಗುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಅಂಥ ಚಿಕ್ಕ ವ್ಯಾಪಾರಕ್ಕೆ ಗಾಜೂ ಬೇಡ, ಪೊಟ್ಟಣವೂ ಬೇಡ. ಅಂಗಡಿಯ ದೊಡ್ಡ ಬಾಟಲಿಯಿಂದ ಗಿರಾಕಿಯ ಡಬ್ಬಿಗೆ ತೂಗಿ ಹಾಕುವ ಹಳೆಯ ಪದ್ಧತಿಯೇ ಉತ್ತಮ. ಕಾಲು ಕಿಲೋ, ಅರ್ಧ ಕಿಲೋ ಒಯ್ಯುವವರು ಬಾಟಲಿಗೆ ಠೇವಣಿ ಕೊಡಬಲ್ಲರು, ಮರಳಿಸಿ ಪಡೆಯಬಲ್ಲರು.

ಕುಷ್ಟಗಿ ಪುರಸಭೆ, ಜಿಲ್ಲಾ ಪಂಚಾಯಿತಿ, ಮಹಿಳಾ ಸಂಘಗಳು ಸೇರಿ ಒಂದೇ ಅಚ್ಚಿನ ಎರಡು ಅಳತೆಯ ಬಾಟಲಿಗಳನ್ನು ಗೊತ್ತುಮಾಡಲಿ, ಪೇರಲ ಯೋಜನೆಯ ಹಣದಲ್ಲೇ ತೊಳೆಯುವ ಘಟಕವೊಂದನ್ನು ಕೇಳಲಿ. ರಾಜ್ಯ ಸರ್ಕಾರ ಮದ್ಯದ ಪ್ರತಿ ಗಾಜಿನ ಬಾಟಲಿಗೂ 10 ರೂಪಾಯಿ ಠೇವಣಿಯನ್ನು ಈ ಜಿಲ್ಲೆಯಿಂದಲೇ ಆರಂಭಿಸಲಿ. ಮೊದಲು ಆಗಬೇಕಾದದ್ದು ಎರಡನೆಯದು, ಏಕೆಂದರೆ ಒಡೆದ ಗಾಜು ಈಗಾಗಲೇ ಹೊಲದಲ್ಲಿದೆ.