ಕೊಲ್ಲುವುದು ಕಾಲಲ್ಲ, ದಟ್ಟಣೆ

2025ರ ಜೂನ್ 4. ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದ ಮರುದಿನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುತೇಕರು ಮೂವತ್ತೂ ತುಂಬದವರು. ಆಮೇಲೆ ಪದೇ ಪದೇ ಕೇಳಿಬಂದ ಮಾತು, ‘ನಮ್ಮ ಜನರಿಗೆ ಶಿಸ್ತೇ ಇಲ್ಲ’ ಎಂಬುದು.

‘ಕಾಲ್ತುಳಿತ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಜನ ಹುಚ್ಚೆದ್ದು ಓಡಿದರು, ಬಿದ್ದವರನ್ನು ತುಳಿದರು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ವಾಸ್ತವದಲ್ಲಿ ಇಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ. ಎಷ್ಟೋ ಸಲ ನಿಂತಲ್ಲೇ ಸಾಯುತ್ತಾರೆ. ಎಲ್ಲ ಕಡೆಯಿಂದ ಎದೆಯ ಮೇಲೆ ಒತ್ತಡ ಬಿದ್ದಾಗ ಶ್ವಾಸಕೋಶ ಹಿಗ್ಗಲು ಜಾಗವೇ ಇರುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ವರಿದ್ದರೆ ನಮ್ಮ ಹೆಜ್ಜೆ ನಮ್ಮ ಹಿಡಿತದಲ್ಲಿರುತ್ತದೆ. ಆರೇಳು ಜನರಾದರೆ ಗುಂಪು ನೀರಿನಂತೆ ವರ್ತಿಸತೊಡಗುತ್ತದೆ. ಹಿಂದಿನ ಸಣ್ಣ ತಳ್ಳಾಟವೂ ಅಲೆಯಾಗಿ ಮುಂದಿನವರಿಗೆ ಅಪ್ಪಳಿಸುತ್ತದೆ. ಮುಂದೆ ಏನಾಗುತ್ತಿದೆ ಎಂಬುದು ಹಿಂದಿನವರಿಗೆ ಕಾಣುವುದೂ ಇಲ್ಲ. ಆ ಹಂತದಲ್ಲಿ ಶಿಸ್ತಿನವನೂ ಒಂದೇ, ಇಲ್ಲದವನೂ ಒಂದೇ.

ಬೇರೆ ಘಟನೆಗಳನ್ನು ನೋಡಿ. 2017ರಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ರೋಡ್ ರೈಲು ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ 23 ಮಂದಿ ಸತ್ತರು. ಅವರು ಯಾವ ಸಂಭ್ರಮಕ್ಕೂ ಬಂದವರಲ್ಲ, ದಿನನಿತ್ಯದ ಪ್ರಯಾಣಿಕರು. 2024ರಲ್ಲಿ ಹಾಥರಸ್‌ನ ಸತ್ಸಂಗಕ್ಕೆ 80 ಸಾವಿರ ಜನರಿಗೆ ಅನುಮತಿ ಇತ್ತು. ಬಂದವರು ಎರಡೂವರೆ ಲಕ್ಷ, ಸತ್ತವರು 121. 2022ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ ಸುಮಾರು ಮೂರು ಮೀಟರ್ ಅಗಲದ ಇಳಿಜಾರು ಓಣಿ 159 ಜನರನ್ನು ಬಲಿ ಪಡೆಯಿತು. ಅಲ್ಲಿ ಪೊಲೀಸರಿಗೆ ಮೊದಲ ಎಚ್ಚರಿಕೆಯ ಕರೆ ಹೋಗಿದ್ದು ಸಂಜೆ 6.34ಕ್ಕೆ. ದುರಂತ ನಡೆದದ್ದು ರಾತ್ರಿ ಹತ್ತರ ನಂತರ. ಊರು, ಭಾಷೆ, ಕಾರಣ ಬೇರೆ ಬೇರೆ. ಇಕ್ಕಟ್ಟಾದ ಜಾಗಕ್ಕೆ ಮಿತಿ ಮೀರಿ ಜನ ಸೇರುವುದು, ಅದನ್ನು ಹೊತ್ತಿಗೆ ಸರಿಯಾಗಿ ಯಾರೂ ತಡೆಯದಿರುವುದು ಮಾತ್ರ ಒಂದೇ.

ದುರಂತವಾದ ಮೇಲೆ ‘ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು’ ಎಂದು ಕೇಳುತ್ತೇವೆ. ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಹಾನಿ ಶುರುವಾಗುತ್ತದೆ. 108 ವಾಹನವಾದರೋ ಅದೇ ಜನಸಾಗರವನ್ನು ಸೀಳಿಕೊಂಡು ಬರಬೇಕು. ಹಾಗಾಗಿ ಇಲ್ಲಿ ಜೀವ ಉಳಿಸುವ ಕೆಲಸ ನಡೆಯಬೇಕಾದದ್ದು ಮೊದಲೇ, ಕಾಗದದ ಮೇಲೆ.

ಆ ಲೆಕ್ಕ ಕಷ್ಟದ್ದೇನಲ್ಲ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಮಂದಿ ಹೊರಹೋಗಬಹುದು ಎನ್ನುತ್ತದೆ ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿ. ಅಂದರೆ ಮೂರು ಮೀಟರಿನ ಒಂದು ಗೇಟಿನಿಂದ 35 ಸಾವಿರ ಜನ ಹೊರಬರಲು ಎರಡು ಗಂಟೆ ಇಪ್ಪತ್ತು ನಿಮಿಷ ಬೇಕು. ಎಷ್ಟು ಗೇಟು ತೆರೆಯಬೇಕು, ಎಷ್ಟು ಜನರನ್ನು ಎಲ್ಲಿ ತಡೆಯಬೇಕು, ಆಂಬುಲೆನ್ಸಿಗೆ ಯಾವ ದಾರಿ ಬಿಡಬೇಕು ಎಂಬುದೆಲ್ಲ ಇಂಥ ಲೆಕ್ಕದಿಂದಲೇ ತಿಳಿಯುತ್ತದೆ.

ಗೇಟು ಹತ್ತುವುದು, ಬ್ಯಾರಿಕೇಡ್ ತಳ್ಳುವುದು ಸರಿ ಎಂದಲ್ಲ. ನಮ್ಮ ಕೈಲಾದದ್ದನ್ನು ನಾವೂ ಮಾಡಬೇಕು. ಅಕ್ಕಪಕ್ಕದವರ ಮೈ ತಾಗತೊಡಗಿದರೆ ಅಲ್ಲಿಂದ ಹೊರಡಿ. ಸಿಕ್ಕಿಹಾಕಿಕೊಂಡರೆ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ. ಗೋಡೆಯಿಂದ ದೂರವಿರಿ. ಬಿದ್ದ ಮೊಬೈಲ್ ಎತ್ತಲು ಬಗ್ಗಬೇಡಿ. ಆದರೆ ತಪ್ಪನ್ನೆಲ್ಲ ಸತ್ತವರ ಮೇಲೆ ಹೊರಿಸಿದರೆ, ಲೆಕ್ಕ ಹಾಕಬೇಕಾದವರನ್ನು ಕೇಳುವವರೇ ಇರುವುದಿಲ್ಲ.

ಇನ್ನು ಕೆಲವೇ ವರ್ಷಗಳಲ್ಲಿ ನಮ್ಮಲ್ಲೇ ಕೆಲವರು ಪಿಎಸ್‌ಐ ಆಗುತ್ತಾರೆ, ಕೆಎಎಸ್ ಪಾಸಾಗುತ್ತಾರೆ, ಸಿವಿಲ್ ಎಂಜಿನಿಯರ್ ಆಗುತ್ತಾರೆ. ಜಾತ್ರೆಗೋ ಸಮಾವೇಶಕ್ಕೋ ವಿಜಯೋತ್ಸವಕ್ಕೋ ಅನುಮತಿ ಕೋರಿದ ಅರ್ಜಿ ಮೇಜಿಗೆ ಬಂದಾಗ, ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳೋಣ: ಎಷ್ಟು ಜನ ಬರುತ್ತಾರೆ? ಅವರು ಹೊರಹೋಗುವ ದಾರಿ ಎಷ್ಟು ಅಗಲವಿದೆ?