ಶಿಕ್ಷೆ ಕಂಡರೂ ಕಲಿತ ಮಕ್ಕಳು

ಹೊಡೆದಾಟದ ಚಿತ್ರದಲ್ಲಿ ಕೊನೆಗೆ ದುಷ್ಟನಿಗೆ ಶಿಕ್ಷೆಯಾಗಿಯೇ ಆಗುತ್ತದೆ, ಆದುದರಿಂದ ಮಕ್ಕಳು ನೋಡಿದರೆ ಕೆಡುಕಿಲ್ಲ ಎಂಬ ವಾದವನ್ನು ನಾವು ಬಹಳ ಕೇಳಿದ್ದೇವೆ. ಈ ವಾದ ನಿಲ್ಲುವಂಥದಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 6 ವರ್ಷ ತುಂಬದ 66 ಮಕ್ಕಳಿಗೆ ಚಿತ್ರವೊಂದನ್ನು ತೋರಿಸಲಾಯಿತು. ಅದರಲ್ಲಿ ಒಬ್ಬಾತ ಗಾಳಿ ತುಂಬಿದ ಬೊಂಬೆಯನ್ನು ಗುದ್ದುತ್ತಾನೆ, ಸುತ್ತಿಗೆಯಿಂದ ಬಡಿಯುತ್ತಾನೆ. ಕೆಲವರು ಕಂಡ ಚಿತ್ರದಲ್ಲಿ ಅವನಿಗೆ ಬಹುಮಾನ, ಕೆಲವರು ಕಂಡದ್ದರಲ್ಲಿ ಶಿಕ್ಷೆ, ಉಳಿದವರದರಲ್ಲಿ ಎರಡೂ ಇಲ್ಲ. ಶಿಕ್ಷೆಯನ್ನು ಕಂಡ ಮಕ್ಕಳು ಆಮೇಲೆ ಆಟದಲ್ಲಿ ಅವನನ್ನು ಅನುಕರಿಸಿದ್ದು ಕಡಿಮೆ. ಆದರೆ ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸ ಕೊಡುತ್ತೇವೆ ಎಂದೊಡನೆ, ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಪಾಠ ಆಗಲೇ ತಲೆಗಿಳಿದಿತ್ತು.

ಬೊಂಬೆಗೆ ಗುದ್ದಿದ ಮಗು ನಾಳೆ ನೆರೆಮನೆಯ ಮಗುವಿಗೂ ಗುದ್ದುತ್ತದೆಂದು ಇದರಿಂದ ಹೇಳಲಾಗದು. ಚಿತ್ರವೊಂದೇ ಮಗುವನ್ನು ಕೆಡಿಸುವುದೂ ಇಲ್ಲ. ಕುಡಿದು ಬಂದು ಕೈಯೆತ್ತುವ ತಂದೆಯ ಮಗು ಇದನ್ನು ಕಲಿಯಲು ಟಾಕೀಸಿಗೆ ಹೋಗಬೇಕಾಗಿಲ್ಲ. (ಮೇಷ್ಟರಾಗಿದ್ದಾಗ ನಾವೂ ಬೆತ್ತ ಹಿಡಿದವರೇ; ಅದನ್ನು ಮರೆಮಾಚುವುದಿಲ್ಲ.)

ಈಗಂತೂ ಚಿತ್ರ ಮಗುವಿನ ಅಂಗೈಗೇ ಬಂದಿದೆ. ರಾತ್ರಿ ಪಾಳಿ ಮುಗಿಸಿ ಮಲಗಿದ ತಂದೆ, ಅಂಗಡಿಯಲ್ಲಿ ಕುಳಿತ ತಾಯಿ, ಮಗು ಸುಮ್ಮನಿರಲೆಂದು ಮೊಬೈಲು ಕೊಡುತ್ತಾರೆ. ಅವರನ್ನು ನಾವು ದೂರಲಾರೆವು. ಕಾರ್ಮಿಕರ ಓಣಿಗಳಲ್ಲಿ ಮಕ್ಕಳಿಗೆ ಆಟದ ಬಯಲೆಲ್ಲಿದೆ? ಸಂಜೆ ಬಾಗಿಲು ತೆರೆದಿರುವ ಶಾಲೆಯೆಲ್ಲಿದೆ? ಓಟು ಕೇಳಲು ಬರುವವರನ್ನು ಬಂಧುಗಳು ಇದನ್ನೇ ಕೇಳಲಿ. ಅಲ್ಲಿಯವರೆಗೆ, ಬಿಡುವಾದಾಗ ಹತ್ತು ನಿಮಿಷ ಮಗುವಿನ ಪಕ್ಕ ಕುಳಿತು, ಏಟು ತಿಂದವನಿಗೆ ನೋವಾಗಲಿಲ್ಲವೇ ಎಂದು ಕೇಳಿ ನೋಡಲಿ.