ನೋವಿಗೂ ಗೆರೆಗೂ ಗಂಟು ಹಾಕಬೇಡಿ

ಅಮೂರ್ತ ಚಿತ್ರ ಬರೆಯುವವರಿಗೆ ಕಾಯಿಲೆ ಉಂಟು ಅಂತ ಗೊತ್ತಾದರೆ ಸಾಕು, "ನೋವೇ ನಿಮಗೆ ಸ್ಫೂರ್ತಿ ಅಲ್ವಾ?" ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ಅಲ್ಲ ಮಾರಾಯ್ರೆ! ಹತ್ತು ವರ್ಷದ ಸಂಧಿವಾತ ನನಗೆ ಕೊಟ್ಟದ್ದು ಊದಿದ ಬೆರಳು, ಮಾತ್ರೆಯ ಚೀಟಿ. ಚಿತ್ರ ಒಂದೂ ಇಲ್ಲ.

ಬರೋಡಾದಲ್ಲಿ ಕಲೆಯ ಪಾಠ ಹೇಳುತ್ತಿದ್ದ ನಸ್ರೀನ್ ಮೊಹಮ್ಮದಿ 1990ರಲ್ಲಿ ತೀರಿಕೊಂಡರು. ನರಗಳ ಕಾಯಿಲೆ ಅವರ ಕೈಯ ಹಿಡಿತವನ್ನೇ ಕಸಿಯುತ್ತಾ ಬಂದಿತ್ತು. ಆದರೂ ನಕ್ಷೆ ಬರೆಯುವವರ ಉಪಕರಣ ಹಿಡಿದು ಎಳೆದ ಆ ಸಪೂರ ಗೆರೆಗಳಲ್ಲಿ ನಡುಕ ಹುಡುಕಿದರೂ ಸಿಗದು. ಅವರು ತೆಗೆದ ಫೋಟೋ ನೋಡಿ: ಕಡಲ ತೀರ, ನೀರು, ಮರಳು. ಗೆರೆ ಬಂದದ್ದು ಅಲ್ಲಿಂದ. ಕಾಯಿಲೆ ಅಡ್ಡ ಬಂತು, ಅಷ್ಟೇ.

ನಮ್ಮ ಬೆಂಗ್ರೆಯಲ್ಲಿ ನೋಡಲಿಕ್ಕೆ ಏನು ಕಡಿಮೆ? ಒಂದು ಕಡೆ ಫಲ್ಗುಣಿ, ಇನ್ನೊಂದು ಕಡೆ ಕಡಲು. ಫೆರಿಯಲ್ಲಿ ಬಂದರಿಗೆ ದಾಟುವಾಗ ಬೋಟುಗಳ ಹಗ್ಗ, ಇಳಿತದಲ್ಲಿ ಗೋಡೆ ಮೇಲೆ ಉಳಿಯುವ ಒದ್ದೆ ಪಟ್ಟಿ, ಒಣಗಲು ಹಾಕಿದ ಬಲೆ. ಇದೆಲ್ಲ ಗಟ್ಟಿಮುಟ್ಟಾದವರಿಗೂ ಕಾಣುತ್ತದೆ. ಬೆರಳು ಮಡಚದ ದಿನ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿಕೊಂಡು ಹತ್ತು ನಿಮಿಷ ಕೆಲಸ ಮಾಡುತ್ತೇನೆ.

ಪ್ರದರ್ಶನ ಮಾಡುವವರೇ, ಚಿತ್ರದ ಪಕ್ಕ ನನ್ನ ರೋಗದ ಹೆಸರು ಹಾಕಬೇಡಿ. ಅಳತೆ ಹಾಕಿ, ಯಾವ ಬಣ್ಣ ಅಂತ ಹಾಕಿ. ಬೆಲೆಯನ್ನೂ ಹಾಕಿ.